ಪಥ್ಯ, ಮದ್ದು ಮತ್ತು ನಗೆಯ ಕುರ್ಚಿ

ಭಾರತದ ಟೆಲಿವಿಷನ್ ಆರೋಗ್ಯದ ತಿಳಿವಳಿಕೆಯನ್ನು ಮನರಂಜನೆಯೊಡನೆ ದೊಡ್ಡ ಪ್ರಮಾಣದಲ್ಲಿ ಬೆರೆಸಿ ಕೊಟ್ಟದ್ದು, 1984ರ ಜುಲೈ 7ರಂದು ದೂರದರ್ಶನದಲ್ಲಿ ಆರಂಭವಾಗಿ 156 ಕಂತುಗಳವರೆಗೆ ನಡೆದ ‘ಹಮ್ ಲೋಗ್’ ಧಾರಾವಾಹಿಯಲ್ಲಿ. ಕುಟುಂಬ ಯೋಜನೆಯ ವಿಚಾರವನ್ನು ಕತೆಯೊಳಗೇ ಹೆಣೆಯುವ ಈ ಕ್ರಮವನ್ನು ರೂಪಿಸಿದವರು ಮೆಕ್ಸಿಕೋದ ಮಿಗೆಲ್ ಸಾಬಿಡೊ. ಕಂತಿನ ಕೊನೆಗೆ ಬಂದು ನಾಲ್ಕು ಮಾತು ಹೇಳುತ್ತಿದ್ದ ಅಶೋಕ್ ಕುಮಾರ್ ಅವರ ಮುಖ ಮನೆಮನೆಗೆ ಪರಿಚಿತವಾಗಿತ್ತು. ಆದರೆ ಅವರು ಆಡುತ್ತಿದ್ದ ಮಾತು ಯೋಜನೆಯೊಂದರ ಭಾಗವಾಗಿ ಸಿದ್ಧಗೊಂಡದ್ದಾಗಿತ್ತು. ಪಲ್ಸ್ ಪೋಲಿಯೊ ಹನಿಗಾಗಿ ತಾಯಂದಿರನ್ನು ಗದರಿಸಿದ ಅಮಿತಾಭ್ ಬಚ್ಚನ್ ಅವರ ವಿಷಯವೂ ಹಾಗೆಯೇ: ಮುಖ ಕಲಾವಿದನದು, ಸಲಹೆ ಆರೋಗ್ಯ ವ್ಯವಸ್ಥೆಯದು. ಕನ್ನಡಿಗರಿಗೆ ಈ ಏರ್ಪಾಡು ಹೊಸತೇನಲ್ಲ. ಯಕ್ಷಗಾನದ ಹಾಸ್ಯಗಾರ ಪ್ರಸಂಗದಿಂದ ಹೊರಬಂದು ಲೋಕದ ಸಂಗತಿಗಳನ್ನು ಆಡಬಹುದು. ಮಾತು ದಾರಿ ತಪ್ಪಿತೆಂದು ಕಂಡರೆ ತೆಂಕುತಿಟ್ಟಿನ ಭಾಗವತರು ಜಾಗಟೆಯ ಒಂದು ಪೆಟ್ಟಿನಿಂದ ಆತನನ್ನು ಕತೆಗೆ ಮರಳಿಸುತ್ತಾರೆ.

ಖಾಸಗಿ ವಾಹಿನಿಗಳ ಕಾಲದಲ್ಲಿ ನಗೆಯೇ ಒಂದು ಉದ್ಯಮವಾಯಿತು. 1983ರಿಂದ 1999ರವರೆಗೆ ಭಾರತ ತಂಡದಲ್ಲಿ ಕ್ರಿಕೆಟ್ ಆಡಿ, ಬಳಿಕ ವೀಕ್ಷಕ ವಿವರಣೆಕಾರರಾಗಿ, 2004ರಲ್ಲಿ ಅಮೃತಸರದ ಸಂಸದರೂ ಆದ ನವಜೋತ್ ಸಿಂಗ್ ಸಿಧು, 2005ರ ‘ದಿ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್’ ಸ್ಪರ್ಧೆಯಲ್ಲಿ ಶೇಖರ್ ಸುಮನ್ ಅವರ ಪಕ್ಕದಲ್ಲಿ ತೀರ್ಪುಗಾರರಾಗಿ ಕುಳಿತರು. 2013ರಿಂದ ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ನಲ್ಲೂ ಕುರ್ಚಿಯೊಂದು ಅವರಿಗೇ ಮೀಸಲಾಯಿತು. ಕಟ್ಟುನಿಟ್ಟಾಗಿ ನೋಡಿದರೆ ಅವರು ವಿದೂಷಕರಲ್ಲ, ವಿದೂಷಕರ ಮಾತಿಗೆ ನಗುವವರು. ಆದರೂ ಆ ದೊಡ್ಡ ನಗು, ಹಿಂದೆಯೇ ಉದುರುತ್ತಿದ್ದ ಪ್ರಾಸದ ಶಾಯರಿ, ಇವೆರಡೂ ಸೇರಿ ಕಾರ್ಯಕ್ರಮದ ಅರ್ಧ ಹಾಸ್ಯವನ್ನು ಅವರೇ ಹೊತ್ತಂತಿತ್ತು.

ಮುಂದೆ 2024ರಲ್ಲಿ ಸಿಧು ಅವರ ಬಾಯಿಂದ ಕ್ಯಾನ್ಸರ್ ಕುರಿತು ಬಂದ ಆರೋಗ್ಯದ ಮಾತೊಂದಕ್ಕೆ ಉತ್ತರ ಹೊರಟದ್ದು ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಿಂದ. 1941ರಲ್ಲಿ ಪರೇಲಿನಲ್ಲಿ ತೆರೆದ ಈ ಆಸ್ಪತ್ರೆ 1962ರಲ್ಲಿ ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಸೇರಿತು. ಅದರ ಜೊತೆಗೇ ಬೆಳೆದ ಕ್ಯಾನ್ಸರ್ ಸಂಶೋಧನಾಲಯವು ಸಿಡ್ಕೊ, ಎಂದರೆ ನವಿ ಮುಂಬಯಿಯನ್ನು ಕಟ್ಟಿದ ಸರ್ಕಾರಿ ನಿಗಮ, ರೂಪಿಸಿದ ಖಾರಘರದ ಗುಡ್ಡದ ಮಗ್ಗುಲಿಗೆ 2002ರಲ್ಲಿ ಸ್ಥಳಾಂತರಗೊಂಡು, ಚಿಕಿತ್ಸೆ, ಸಂಶೋಧನೆ, ಶಿಕ್ಷಣ ಮೂರನ್ನೂ ನಡೆಸುವ ‘ಆಕ್ಟ್ರೆಕ್’ ಆಯಿತು. ಗಡ್ಡೆಯ ಆಚೆಗಿನ ಅಂಗಾಂಶಕ್ಕೆ ಹಾನಿ ಕಡಿಮೆಯಾಗುವಂತೆ ಪ್ರೋಟಾನ್ ಕಿರಣ ಹಾಯಿಸುವ ಘಟಕವೂ ಇಲ್ಲಿ 2023ರಲ್ಲಿ ಲೋಕಾರ್ಪಣೆಗೊಂಡಿತು. ಅರಿಶಿನದ ಸಾರವಾದ ಕರ್ಕ್ಯುಮಿನ್ ಕುರಿತ ಪ್ರಯೋಗಾಲಯದ ಅಧ್ಯಯನಗಳೂ ಇದೇ ಆವರಣದಲ್ಲಿ ನಡೆದಿವೆ ಎಂಬುದನ್ನು ಇಲ್ಲಿ ನೆನೆಯಬೇಕು. ಮುಂದೆ ಎದ್ದ ವಿವಾದದಲ್ಲಿ ವೈದ್ಯರನ್ನು ಅಡುಗೆಮನೆಯ ಮದ್ದಿನ ವಿರೋಧಿಗಳೆಂದು ಬಗೆಯುವುದು ಆದುದರಿಂದ ಸರಿಯಲ್ಲ.

2024ರ ನವೆಂಬರ್ 21ರಂದು ಅಮೃತಸರದಲ್ಲಿ ಸಿಧು ಪತ್ರಕರ್ತರೊಡನೆ ಮಾತನಾಡುತ್ತ, ವೃತ್ತಿಯಿಂದ ವೈದ್ಯೆಯಾದ ತಮ್ಮ ಪತ್ನಿ ನವಜೋತ್ ಕೌರ್ ಅವರು ನಾಲ್ಕನೆಯ ಹಂತದ, ಅಂದರೆ ಹುಟ್ಟಿದ ಜಾಗದಿಂದ ದೂರದ ಅಂಗಗಳಿಗೂ ಹರಡಿದ, ಕ್ಯಾನ್ಸರಿನಿಂದ ಮುಕ್ತರಾದರೆಂದು ತಿಳಿಸಿದರು. ಬೇವಿನೆಲೆ, ಹಸಿ ಅರಿಶಿನ, ನಿಂಬೆನೀರು, ಹಾಲು-ಸಕ್ಕರೆಗಳ ತ್ಯಾಗ, ಊಟಗಳ ನಡುವೆ ದೀರ್ಘ ಉಪವಾಸ, ಇವುಗಳಿಂದ 40 ದಿನಗಳಲ್ಲಿ ಗುಣವಾಯಿತೆಂಬ ಅರ್ಥ ಬರುವಂತೆ ಆ ಮಾತುಗಳು ದೇಶವೆಲ್ಲ ಹಬ್ಬಿದವು. ಶಸ್ತ್ರಚಿಕಿತ್ಸೆ, ಕಿಮೋಥೆರಪಿ ನಡೆದದ್ದನ್ನು ಅವರು ಮುಚ್ಚಿಡಲಿಲ್ಲ. ಆದರೆ ಕೇಳಿದವರ ಕಿವಿಯಲ್ಲಿ ಉಳಿದದ್ದು ಬೇವು ಮತ್ತು ಅರಿಶಿನ. ಯುಗಾದಿಯ ದಿನ ಬೇವು ತಿನ್ನುವ, ಗಾಯಕ್ಕೆ ಮೊದಲು ಅರಿಶಿನ ಮೆತ್ತುವ ಮನೆಗಳಲ್ಲಿ ಅದು ಹಾಗಲ್ಲದೆ ಬೇರೆ ಹೇಗಿದ್ದೀತು?

ಎರಡು ದಿನಗಳ ಬಳಿಕ ಟಾಟಾ ಮೆಮೋರಿಯಲ್‌ನ ಈಗಿನ ಮತ್ತು ಹಿಂದಿನ 262 ಕ್ಯಾನ್ಸರ್ ತಜ್ಞರು ಸಹಿ ಹಾಕಿದ ಹೇಳಿಕೆಯನ್ನು ಆಸ್ಪತ್ರೆಯ ನಿರ್ದೇಶಕ ಡಾ. ಸಿ. ಎಸ್. ಪ್ರಮೇಶ್ ಪ್ರಕಟಿಸಿದರು. ಹೇಳಿಕೆ ಚಿಕ್ಕದು, ಸ್ವರ ಸಂಯಮದ್ದು. ಈ ಪದಾರ್ಥಗಳಲ್ಲಿ ಕೆಲವುಗಳ ಮೇಲೆ ಸಂಶೋಧನೆ ನಡೆಯುತ್ತಿದೆಯಾದರೂ ಅವನ್ನು ಕ್ಯಾನ್ಸರಿನ ಔಷಧವೆಂದು ಸೂಚಿಸಲು ರೋಗಿಗಳ ಮೇಲಿನ ಪುರಾವೆ ಇಲ್ಲ, ರೋಗವನ್ನು ಬೇಗ ಪತ್ತೆಹಚ್ಚಿದರೆ ಶಸ್ತ್ರಚಿಕಿತ್ಸೆ, ವಿಕಿರಣ, ಕಿಮೋಥೆರಪಿಗಳಿಂದ ಗುಣಪಡಿಸಬಹುದು, ಸಾಬೀತಾಗದ ಉಪಾಯಗಳಿಗಾಗಿ ಚಿಕಿತ್ಸೆಯನ್ನು ಮುಂದೂಡಬಾರದು ಎಂಬುದು ಅದರ ತಿರುಳು. ಸಿಧು ಅವರ ಕುಟುಂಬದ ಬಗ್ಗೆ ಅದರಲ್ಲಿ ಕಟುವಾದ ಒಂದು ಪದವೂ ಇರಲಿಲ್ಲ.

ಕನ್ನಡದಲ್ಲಿ ಈ ಗೊಂದಲವನ್ನು ಬಿಡಿಸಲು ‘ಪಥ್ಯ’ವೆಂಬ ಹಳೆಯ ಪದವೇ ಸಾಕು. ಪಥ್ಯವೆಂದರೆ ಮದ್ದಿನ ಜೊತೆಗೆ ನಡೆಸುವ ಆಹಾರನಿಯಮ. ಮದ್ದನ್ನು ಬಿಟ್ಟು ಪಥ್ಯ ಮಾಡು ಎಂದು ಹಳ್ಳಿಯ ಪಂಡಿತರೂ ಹೇಳಿದವರಲ್ಲ. ಅಮೃತಸರದ ಮಾತಿನಲ್ಲಿ ಪಥ್ಯವು ಮದ್ದಿನ ಪೀಠವೇರಿತ್ತು. ನವೆಂಬರ್ 25ರಂದು ಸಿಧು, ಆಹಾರಕ್ರಮವನ್ನು ವೈದ್ಯರ ಸಲಹೆಯೊಂದಿಗೇ ಅನುಸರಿಸಲಾಯಿತು, ಅದು ಚಿಕಿತ್ಸೆಗೆ ಪೂರಕವಷ್ಟೆ ಎಂದು ಸ್ಪಷ್ಟಪಡಿಸಿದರು. ಅದರ ಜೊತೆಗೇ ವಿವರವಾದ ಆಹಾರಪಟ್ಟಿಯೊಂದನ್ನೂ ಬಿಡುಗಡೆ ಮಾಡಿದರು.