ಏಳು ತಂತಿ, ಕೊನೆಯ ಸಾಲು

ಪಿಟೀಲಿಗೆ ನಾಲ್ಕು ತಂತಿ ಸಾಲದು ಎಂದು ಮೈಸೂರಿನ ಟಿ. ಚೌಡಯ್ಯನವರಿಗೆ ಅನ್ನಿಸಿದ್ದು 1920ರ ದಶಕದಲ್ಲಿ. ಆಗ ಕಚೇರಿಗಳಿಗೆ ಮೈಕು ಬಂದಿರಲಿಲ್ಲ. ಗಟ್ಟಿ ಕಂಠದ ಗಾಯಕರ ದನಿ ಕೊನೆಯ ಸಾಲಿನವರಿಗೆ ಕೇಳುತ್ತಿತ್ತು, ಪಕ್ಕದ ಪಿಟೀಲು ಕೇಳುತ್ತಿರಲಿಲ್ಲ. ಮೂರು ತಂತಿಗಳಿಗೆ ಒಂದೊಂದು ಜೋಡಿ ಕಟ್ಟಿ ಏಳು ಮಾಡಿಕೊಂಡರು. ಜೋಡಿಯ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಮಾನ ಹೋಗುತ್ತದೆ. ಅದನ್ನು ಜೀವಮಾನವಿಡೀ ನುಡಿಸಿದ್ದು ಸಾಹಸವೇ ಸರಿ. ಆದರೆ ಮೃದಂಗ ಹಿಡಿದು ಗಾಯಕರ ಪಕ್ಕದಲ್ಲೇ ಕೂತು ಬಂದ ನನಗೆ ಅದರಲ್ಲಿ ಇನ್ನೊಂದು ಕಥೆಯೂ ಕಾಣುತ್ತದೆ: ಕೇಳುಗರು ಹೆಚ್ಚಿದರು, ಜಾಗ ದೊಡ್ಡದಾಯಿತು, ವಾದ್ಯ ಸೋಲತೊಡಗಿತು.

ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು. 1866ರಲ್ಲಿ ಉಡುಪಿ ಸೀಮೆಯ ನಂದಳಿಕೆಯಲ್ಲಿ ಬಡತನದಲ್ಲಿ ಹುಟ್ಟಿ, ಮೈಸೂರು ಆಸ್ಥಾನ ವಿದ್ವಾಂಸರಾದವರು. ಕಚೇರಿಯಲ್ಲಿ ಗಳಿಸಿದ್ದನ್ನು ಸುರಿದು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು. ಹಾಡುಗಾರನೊಬ್ಬ ದೇವರಿಗೂ ಸಂಗೀತಕ್ಕೂ ಒಂದೇ ಸೂರು ಕಟ್ಟುವುದು ನಮ್ಮಲ್ಲಿ ಅಪರೂಪ. 1931ರಲ್ಲಿ ಅವರು ತೀರಿಕೊಂಡ ಮೇಲೆ ಅದರ ಹೊಣೆ ಹೊತ್ತವರು ಇದೇ ಚೌಡಯ್ಯನವರು. ದಕ್ಷಿಣದ ದೊಡ್ಡ ದೊಡ್ಡ ವಿದ್ವಾಂಸರು ಅಲ್ಲಿ ಬಂದು ಹಾಡಿ ಹೋದರು. ಅಂಥ ಕಡೆ ಹಾಡಿದರೆ ತಮಗೇ ಗೌರವ ಎಂಬ ಭಾವನೆ ಇತ್ತು.

ಕೃಷ್ಣಪ್ಪನವರು ದಾಸರ ಪದಗಳನ್ನು ಕಚೇರಿಯಲ್ಲಿ ಗಂಭೀರವಾಗಿ ಹಾಡಿ ಬೆಳಕಿಗೆ ತಂದವರು. ದೇವರನಾಮಕ್ಕೆ ಬೇಕಾದದ್ದು ಚಿಕ್ಕ ಜಾಗವೇ. ಒತ್ತಕ್ಷರ ಒತ್ತಕ್ಷರವಾಗಿಯೇ ಕಿವಿಗೆ ಬೀಳಬೇಕು. ನೆಲಕ್ಕೆ ಹಾಸಿದ ಜಮಖಾನ, ಒತ್ತಿಕೊಂಡು ಕೂತ ಜನ, ಅವರ ಬಟ್ಟೆಬರೆ ಎಲ್ಲ ಸೇರಿ ಪ್ರತಿಧ್ವನಿಯನ್ನು ನುಂಗುತ್ತವೆ, ಉಳಿಯುವುದು ಮಾತು. ಬರಿಗೋಡೆಯ ಕಲ್ಯಾಣಮಂಟಪದಲ್ಲಿ ಒಂದು ಸಾಲು ಮುಗಿಯುವ ಮೊದಲೇ ಹಿಂದಿನ ಸಾಲು ತಿರುಗಿ ಬಂದು ಎದುರಾಗುತ್ತದೆ.

ನನ್ನ ಲಾಭ ಇನ್ನೂ ಹೆಚ್ಚು. ಮೃದಂಗದ ಎಡಮುಖಕ್ಕೆ ರವೆ ಕಲಸಿ ಹಚ್ಚುತ್ತೇವೆ. ಅಲ್ಲಿಂದ ಹೊರಡುವ ಗುಮ್ಕಿ ಎಂಬ ಆಳದ ನಾದ ಚಿಕ್ಕ ಜಾಗದಲ್ಲಿ ಕೇಳುಗನ ಎದೆಗೇ ತಾಗುತ್ತದೆ. ವೀಣೆಯವರ ಪಾಡು ಇನ್ನೂ ಸೂಕ್ಷ್ಮ: ಒಮ್ಮೆ ಮೀಟಿ ತಂತಿ ಎಳೆಯುತ್ತಾ ಹೋದಂತೆ ನಾದ ತೆಳುವಾಗುತ್ತದೆ, ಗಮಕದ ಸಾರವೆಲ್ಲ ಆ ತೆಳುವಾದ ತುದಿಯಲ್ಲೇ ಇರುತ್ತದೆ. ಮೈಸೂರಿನ ವೀಣೆ ಶೇಷಣ್ಣನವರಂಥವರ ವಾದನ ಬೆಳೆದದ್ದು ಅರಮನೆಯ ಸಭೆಯಲ್ಲಿ, ಮನೆಯ ಪಡಸಾಲೆಯಲ್ಲಿ. ಅದನ್ನು ಮೈದಾನದ ಪೆಂಡಾಲಿನಲ್ಲಿ ಮೈಕಿಲ್ಲದೆ ಕೇಳಿಸಲು ಯಾರಿಂದಲೂ ಆಗದು.

ಮೈಕು ಬಂದ ಮೇಲೆ ಗಾಯಕರು ಶ್ರುತಿ ಇಳಿಸಿದರು. ಕೊನೆಯ ಸಾಲಿಗೆ ಮುಟ್ಟಿಸಲು ಏರು ಶ್ರುತಿಯಲ್ಲಿ ಹಾಡುವ ಅಗತ್ಯ ಹೋಯಿತು. ಕಂಠ ಹರಿದುಕೊಳ್ಳದೆ ಮಂದ್ರದಲ್ಲಿ ನಿಲ್ಲುವ ಸುಖ ಸಿಕ್ಕಿತು, ಅದನ್ನು ಅಲ್ಲಗಳೆಯಲಾರೆ. ನಮಗೆ ಮಾತ್ರ ಹೊರೆ ಹೆಚ್ಚಿತು: ಏರು ಶ್ರುತಿಗೆ ಸುಮಾರು 22 ಅಂಗುಲದ ಮೃದಂಗ ಸಾಕು, ತಗ್ಗು ಶ್ರುತಿಗೆ 24 ಅಂಗುಲದ್ದು ಬೇಕು. ಎರಡನ್ನೂ ಹೊತ್ತು ಬಸ್ಸು ಹತ್ತಿದವರಿಗೆ ಗೊತ್ತು ಆ ಎರಡು ಅಂಗುಲದ ತೂಕ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಹದ ನಮ್ಮ ಕೈಬಿಟ್ಟಿದ್ದು. ಗಾಯಕರು ದನಿ ತಗ್ಗಿಸಿದಾಗ ನಾನು ತಗ್ಗುತ್ತಿದ್ದೆ. ಈಗ ಮೈಕ್‌ಸೆಟ್‌ನವನು ಗುಂಡಿ ತಿರುಗಿಸುತ್ತಾನೆ. ಒಂದು ಸಭಾಂಗಣದಲ್ಲಿ ನನ್ನ ಮೃದಂಗ ನನಗೇ ಕೇಳದೆ, ಎದುರಿಗಿದ್ದವರ ತಲೆದೂಗು ನೋಡಿಕೊಂಡು ಮೃದಂಗದ ಸರದಿಯ ತನಿ ಮುಗಿಸಿದ್ದೇನೆ.

ಬೆಂಗಳೂರಿನಲ್ಲಿ ಚೌಡಯ್ಯನವರ ಹೆಸರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದ ಭವನವೇ ಎದ್ದಿತು. ಸಾವಿರಕ್ಕೂ ಹೆಚ್ಚು ಆಸನ, ನೋಡಲು ಚೆಂದ. ಆದರೆ ಏಳು ತಂತಿ ಕಟ್ಟಿ ಕೊನೆಯ ಸಾಲನ್ನು ಮುಟ್ಟಲು ಹೆಣಗಿದವರ ಸ್ಮಾರಕದಲ್ಲಿ ಮೈಕಿಲ್ಲದೆ ಕಚೇರಿ ಶುರುವಾಗುವುದಿಲ್ಲ. ದೊಡ್ಡ ಭವನಗಳು ಇರಲಿ, ಟಿಕೆಟ್ಟು ಮಾರಿ ಕಲಾವಿದರಿಗೆ ಸಂಭಾವನೆ ಕೊಡಲು ಅವೂ ಬೇಕು. ಸಂಗೀತ ಸಭೆಗಳವರಲ್ಲಿ ನನ್ನ ಕೋರಿಕೆ ಇಷ್ಟೇ: ರಾಮನವಮಿಯ ಹತ್ತಾರು ಕಚೇರಿಗಳಲ್ಲಿ ಒಂದನ್ನಾದರೂ ನೂರು ಜನ ಹಿಡಿಯುವ ಕೋಣೆಯಲ್ಲಿ, ಮೈಕಿಲ್ಲದೆ ಇಡಿ. ಫ್ಯಾನನ್ನೂ ನಿಲ್ಲಿಸಿ. ಸೆಕೆಗೆ ಬೀಸಣಿಗೆ ನಾವೇ ತರುತ್ತೇವೆ.