ಕರುಗಳು ಮೊದಲು ಹೇಳಿದ ಸುದ್ದಿ

ಎಂಡೋಸಲ್ಫಾನ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಕಾಸರಗೋಡಿನ ಮಕ್ಕಳ ಫೋಟೋಗಳು ಮತ್ತು 2011ರ ನಿಷೇಧ. ಆದರೆ ಈ ಕತೆಯ ಮೊದಲ ಪುಟದಲ್ಲಿರುವುದು ಕರುಗಳು.

ಅಲ್ಲಿಗೆ ಹೋಗುವ ಮೊದಲು ಅದೇ ಕೇರಳದ ಇನ್ನೊಂದು ದುರಂತ ನೋಡೋಣ. 1958ರಲ್ಲಿ ಹಡಗಿನಲ್ಲಿ ಆಹಾರ ಸಾಮಗ್ರಿಯ ಜೊತೆಗೇ ಸಾಗಿಸಿದ ಪ್ಯಾರಾಥಿಯಾನ್ ಎಂಬ ಕೀಟನಾಶಕ ಗೋಧಿಹಿಟ್ಟಿಗೆ ಬೆರೆಯಿತು. ಆ ಹಿಟ್ಟಿನ ತಿಂಡಿ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ದೇಶ ಬೆಚ್ಚಿತು, ತನಿಖೆ ನಡೆಯಿತು, 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. ಇವತ್ತು ನಾವು ಅಂಗಡಿಯಲ್ಲಿ ನೋಡುವ ಡಬ್ಬದ ಮೇಲಿನ ಎಚ್ಚರಿಕೆಯ ಹಿಂದೆ ಆ ಸಾವುಗಳಿವೆ.

ಆ ಸಾವುಗಳಿಗೆ ತಾರೀಖು ಇತ್ತು. ನಿಧಾನವಾಗಿ ಏರುವ ವಿಷಕ್ಕೆ ತಾರೀಖೇ ಇರುವುದಿಲ್ಲ.

1970ರ ದಶಕದ ಕೊನೆಯಲ್ಲಿ ಕಾಸರಗೋಡಿನ ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಣೆ ಶುರುವಾಯಿತು. ಉದ್ದೇಶ ಟೀ ಸೊಳ್ಳೆಯ ಹತೋಟಿ. ತೋಟಗಳು ಗುಡ್ಡದ ಮೇಲೆ, ಮನೆ, ಬಾವಿ, ತೋಡುಗಳು ಕೆಳಗೆ. ಸಿಂಪಡಿಸಿದ್ದು ಗಾಳಿಯಲ್ಲೂ ಮಳೆನೀರಲ್ಲೂ ಇಳಿದು ಬಂತು. ಜನರಿಗೆ ವಿಷ ಹಾಕಬೇಕೆಂದು ಯಾರೂ ಹೊರಟಿರಲಿಲ್ಲ. ಆದರೂ ವಿಷ ಅವರನ್ನು ತಲುಪಿತು.

ಪಡ್ರೆ ಗ್ರಾಮದಲ್ಲಿ ಅಂಗ ಊನವಾದ ಕರುಗಳು ಹುಟ್ಟಿದ್ದನ್ನು ಗಮನಿಸಿ ಬರೆದವರು ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆ. ಮುಂದೆ 'ಅಡಿಕೆ ಪತ್ರಿಕೆ'ಯಿಂದ ನಮಗೆಲ್ಲ ಪರಿಚಿತರಾದವರು. ಆಗಿನ್ನೂ 1980ರ ದಶಕದ ಆರಂಭ. ಹೆಲಿಕಾಪ್ಟರ್ ಮಾತ್ರ 2000ದ ಕೊನೆಯವರೆಗೂ ಹಾರುತ್ತಲೇ ಇತ್ತು.

ಅದೇ ಗ್ರಾಮದ ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ಲೆಕ್ಕ ತಪ್ಪುತ್ತಿದೆ ಅನ್ನಿಸಿತು. ಚಿಕ್ಕ ಊರು, ಅಷ್ಟರಲ್ಲೇ ಬುದ್ಧಿಮಾಂದ್ಯ ಮಕ್ಕಳು, ಅಪಸ್ಮಾರ, ಕ್ಯಾನ್ಸರ್, ಹುಟ್ಟು ಅಂಗವೈಕಲ್ಯ. ಒಬ್ಬೊಬ್ಬರದೂ ಒಂದೊಂದು ಕಾಯಿಲೆ. ದೊಡ್ಡ ಆಸ್ಪತ್ರೆಗೆ ಹೋದರೆ ಅವೆಲ್ಲ ಬೇರೆ ಬೇರೆ ವಿಭಾಗಕ್ಕೆ ಸೇರುತ್ತವೆ. ಒಟ್ಟಿಗೆ ಕಾಣುವುದು ಊರಲ್ಲೇ ಕುಳಿತವರಿಗೆ ಮಾತ್ರ.

ಎಂಡೋಸಲ್ಫಾನ್ ನರಗಳ ಉದ್ರೇಕಕ್ಕೆ ಕಡಿವಾಣ ಹಾಕುವ ವ್ಯವಸ್ಥೆಯನ್ನೇ ತಡೆಯುತ್ತದೆ. ಹೆಚ್ಚು ಪ್ರಮಾಣ ಮೈ ಸೇರಿದರೆ ಸೆಳೆತ ಬರುವುದು ಅದಕ್ಕೇ. ಪ್ರಮಾಣ ಕಡಿಮೆಯಿದ್ದು ವರ್ಷಗಟ್ಟಲೆ ಸೇರುತ್ತಿದ್ದರೆ? ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಸಿಂಪಡಣೆಯ ಪ್ರದೇಶದ 117 ಹುಡುಗರನ್ನು ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿದರು. 2003ರಲ್ಲಿ ಫಲಿತಾಂಶ ಪ್ರಕಟವಾಯಿತು: ಸಿಂಪಡಣೆಯ ಪ್ರದೇಶದ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚು, ಪ್ರೌಢಾವಸ್ಥೆಯ ಬೆಳವಣಿಗೆ ತಡ.

ಹಾಗಿದ್ದರೂ ಒಬ್ಬೊಬ್ಬ ರೋಗಿಯ ಕಾಯಿಲೆಗೂ ಇದೇ ಕಾರಣ ಎಂದು ಸಾಬೀತುಪಡಿಸುವುದು ಸುಲಭವಲ್ಲ. ವಾದ, ಸಮಿತಿ, ಮರುವಾದದಲ್ಲಿ ವರ್ಷಗಳು ಹೋದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರಕಾರಕ್ಕೆ ಅದು ಆದೇಶಿಸಿದ್ದು 2017ರಲ್ಲಿ.

ಗಡಿಯ ಈಚೆಗೂ ಇದೇ ಕತೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಆಸುಪಾಸಿನ ಗೇರು ತೋಟಗಳ ಮೇಲೂ ಹೆಲಿಕಾಪ್ಟರ್ ಹಾರಿತ್ತು. ಸಿಂಪಡಣೆ ನಿಂತಿತು, ಕಾಯಿಲೆ ನಿಲ್ಲಲಿಲ್ಲ. ಹಾಸಿಗೆಯಲ್ಲೇ ದೊಡ್ಡವರಾದ ಮಕ್ಕಳ ಅಪ್ಪ ಅಮ್ಮಂದಿರಿಗೆ ಈಗ ವಯಸ್ಸಾಗಿದೆ. 'ನಮ್ಮ ನಂತರ ಇವರನ್ನು ನೋಡುವವರು ಯಾರು?' ಎಂಬುದು ಆ ಮನೆಗಳ ಪ್ರಶ್ನೆ. ಪರಿಹಾರದ ಹಣ ಒಮ್ಮೆ ಸಿಕ್ಕರೆ ಅದಕ್ಕೆ ಉತ್ತರವಾಗುವುದಿಲ್ಲ.

ಗ್ರಾಮೀಣ ಪತ್ರಿಕೋದ್ಯಮ ಕಲಿತ ನಮಗೆ ಇದರಲ್ಲಿ ಒಂದು ಪಾಠವಿದೆ. ನೂರು ಜನ ಒಂದೇ ದಿನ ಸತ್ತರೆ ಸುದ್ದಿ ತಾನಾಗಿ ಬರುತ್ತದೆ. ಒಂದು ಊರು ಇಪ್ಪತ್ತು ವರ್ಷ ನರಳಿದರೆ ಅದನ್ನು ಯಾರಾದರೂ ಬರೆದಿಡಬೇಕು. ಕೊಟ್ಟಿಗೆಯಲ್ಲಿ ಹುಟ್ಟಿದ ಕರುವಿನಿಂದಲೇ ಶುರುಮಾಡಿ.