ಸ್ಮಾರ್ಟ್ ವಾಚ್ ದಿನವಿಡೀ ಕಟ್ಟಿಕೊಂಡರೆ ಆರೋಗ್ಯಕ್ಕೆ ಹಾನಿಯೇ? ಏನು ನಿಜ, ಏನು ಸುಳ್ಳು

ಸ್ಮಾರ್ಟ್ ವಾಚ್ ಮತ್ತು ಫಿಟ್‌ನೆಸ್ ಬ್ಯಾಂಡ್‌ಗಳ ಬಗ್ಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಹರಿದಾಡುತ್ತವೆ. ಒಂದು ಹೆದರಿಸುವಂಥದ್ದು: ವಾಚ್‌ನ ವಿಕಿರಣದಿಂದ ಕ್ಯಾನ್ಸರ್ ಬರುತ್ತದೆ, ಹಸಿರು ಬೆಳಕು ರಕ್ತವನ್ನು ಕೆಡಿಸುತ್ತದೆ, ಇಂದೇ ಬಿಚ್ಚಿಡಿ ಎನ್ನುವ ಧಾಟಿಯದ್ದು. ಇನ್ನೊಂದು ಭರವಸೆ ಕೊಡುವಂಥದ್ದು: ಬಿಪಿ, ಶುಗರ್, ಇಸಿಜಿ ಎಲ್ಲವನ್ನೂ ಮಣಿಕಟ್ಟಿನಲ್ಲೇ ನೋಡಿ, ಹೃದಯಾಘಾತ ಬರುವ ಮೊದಲೇ ತಿಳಿಯಿರಿ ಎನ್ನುವಂಥದ್ದು.

ಈ ಎರಡರಲ್ಲಿ ಯಾವುದನ್ನು ನಂಬಬೇಕು? ಪ್ರಕಟವಾದ ಅಧ್ಯಯನಗಳನ್ನೂ ಅಧಿಕೃತ ಸಂಸ್ಥೆಗಳ ಎಚ್ಚರಿಕೆಗಳನ್ನೂ ನೋಡಿದಾಗ ನಮಗೆ ಕಂಡದ್ದು ಇದು: ಹೆದರಿಸುವ ಸಂದೇಶಕ್ಕೆ ಆಧಾರ ಕಡಿಮೆ. ಆದರೆ ಭರವಸೆ ಕೊಡುವ ಸಂದೇಶವನ್ನು ಪೂರ್ತಿ ನಂಬಿದರೆ ಜೀವಕ್ಕೇ ಅಪಾಯವಾಗಬಹುದು.

ಸಂಕ್ಷಿಪ್ತವಾಗಿ

• ಸ್ಮಾರ್ಟ್ ವಾಚ್ ಕಟ್ಟಿದರೆ ಕ್ಯಾನ್ಸರ್ ಬರುತ್ತದೆ ಎನ್ನಲು ಪುರಾವೆ ಇಲ್ಲ.
• ಚರ್ಮದ ತುರಿಕೆ, ದದ್ದು ನಿಜವಾದ ತೊಂದರೆಗಳು. ಹೆಚ್ಚಿನವನ್ನು ತಡೆಯಬಹುದು.
• ಪದೇ ಪದೇ ಅಂಕಿ ನೋಡುವುದರಿಂದ ಕೆಲವರಲ್ಲಿ ಆತಂಕ ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ.
• ಹೃದಯಾಘಾತ ಆಗುತ್ತಿದೆಯೇ ಇಲ್ಲವೇ ಎಂಬುದನ್ನು ವಾಚ್ ಹೇಳಲಾರದು. ಎದೆನೋವು ಬಂದಾಗ ವಾಚ್ ನೋಡುತ್ತಾ ಕೂರಬೇಡಿ.

ವಾಚ್ ಅಳೆಯುವುದಾದರೂ ಏನನ್ನು?

ವಾಚ್‌ನ ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕು ಸಾಮಾನ್ಯ ಎಲ್‌ಇಡಿ ಬೆಳಕು. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ಏರಿ ಇಳಿಯುವುದರಿಂದ, ಚರ್ಮದಿಂದ ಹಿಂತಿರುಗುವ ಬೆಳಕೂ ಹೆಚ್ಚು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿ ವಾಚ್ ನಾಡಿ ಬಡಿತವನ್ನು ಲೆಕ್ಕ ಹಾಕುತ್ತದೆ. ಕೈಯ ಅಲುಗಾಟವನ್ನು ಗುರುತಿಸುವ ಇನ್ನೊಂದು ಸೆನ್ಸರ್‌ನಿಂದ ಹೆಜ್ಜೆಗಳ ಲೆಕ್ಕ ಸಿಗುತ್ತದೆ.

ವಾಚ್ ನೇರವಾಗಿ ಗಮನಿಸುವುದು ಮುಖ್ಯವಾಗಿ ಈ ಎರಡನ್ನೇ: ಬೆಳಕು ಮತ್ತು ಅಲುಗಾಟ. ಗಾಢ ನಿದ್ದೆ ಎಷ್ಟು, ಕ್ಯಾಲೊರಿ ಎಷ್ಟು ಕರಗಿತು, ಒತ್ತಡ ಎಷ್ಟಿದೆ ಎಂದು ತೋರಿಸುವುದೆಲ್ಲ ಇವುಗಳ ಮೇಲೆ ಕಟ್ಟಿದ ಅಂದಾಜು. ಬಾಳೆಹಣ್ಣಿಗೆ ಬ್ಯಾಂಡ್ ಕಟ್ಟಿದರೂ ನಾಡಿ ಬಡಿತ ತೋರಿಸಿತು ಎನ್ನುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಯಾವುದೋ ಮೇಲ್ಮೈಯಿಂದ ಹಿಂತಿರುಗಿದ ಬೆಳಕಿನ ಸಣ್ಣ ಏರುಪೇರನ್ನೇ ಬಡಿತವೆಂದುಕೊಂಡು ಸೆನ್ಸರ್ ಒಂದು ಅಂಕಿ ತೋರಿಸಿಬಿಡಬಹುದು. ಪರದೆಯ ಮೇಲೆ ಅಂಕಿ ಮೂಡಿತೆಂದರೆ ಅದು ಸರಿಯೇ ಇರಬೇಕೆಂದಿಲ್ಲ.

ವಿಕಿರಣದಿಂದ ಕ್ಯಾನ್ಸರ್ ಬರುತ್ತದೆಯೇ?

ಹಾಗೆನ್ನಲು ಪುರಾವೆ ಇಲ್ಲ. ಹೆಚ್ಚಿನ ವಾಚ್‌ಗಳು ಫೋನ್‌ನೊಂದಿಗೆ ಬ್ಲೂಟೂತ್ ಮೂಲಕ ಮಾತಾಡುತ್ತವೆ. ಇದರ ಶಕ್ತಿ ಸಾಮಾನ್ಯವಾಗಿ ಕೆಲವೇ ಮಿಲಿವಾಟ್. ಕರೆ ಮಾಡುವಾಗ ಫೋನ್ ಹೊರಸೂಸಬಹುದಾದ ಶಕ್ತಿಗಿಂತ ಇದು ಎಷ್ಟೋ ಪಟ್ಟು ಕಡಿಮೆ. ಸಿಮ್ ಇರುವ ವಾಚ್‌ಗಳಲ್ಲಿ ಇದು ಹೆಚ್ಚಿರುತ್ತದೆ. ಆದರೆ ಎರಡೂ ಎಕ್ಸ್-ರೇಯಂತೆ ಡಿಎನ್‌ಎಯನ್ನು ಒಡೆಯುವ ಬಗೆಯ ವಿಕಿರಣವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ ಎಂದು ಕೆಲವರು ವಾದಿಸುತ್ತಾರೆ. ಆ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ರೇಡಿಯೊ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿದ್ದು ನಿಜ. 'ಸಾಧ್ಯತೆಯನ್ನು ತಳ್ಳಿಹಾಕಲಾಗದು, ಪುರಾವೆ ಸೀಮಿತ' ಎಂಬುದು ಆ ಗುಂಪಿನ ಒಟ್ಟು ಅರ್ಥ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ.

ಚರ್ಮಕ್ಕೆ ತೊಂದರೆ ಆಗುತ್ತದೆಯೇ?

ಆಗಬಹುದು. ಪಟ್ಟಿಯ ಕೆಳಗೆ ಬೆವರು, ಸೋಪಿನ ಅಂಶ, ಧೂಳು ಸೇರಿಕೊಂಡು ಗಾಳಿಯಾಡದಿದ್ದರೆ ಚರ್ಮ ಕೆಂಪಾಗುತ್ತದೆ, ತುರಿಸುತ್ತದೆ. ಕೆಲವರಿಗೆ ನಿಕ್ಕಲ್ ಅಥವಾ ಅಂಟಿನಲ್ಲಿರುವ ರಾಸಾಯನಿಕಗಳ ಅಲರ್ಜಿ ಇರುತ್ತದೆ. ಇಂಥ ದೂರುಗಳು ಬಂದ ಮೇಲೆ ಫಿಟ್‌ಬಿಟ್ ಕಂಪನಿ 2014ರಲ್ಲಿ ತನ್ನ 'ಫೋರ್ಸ್' ಬ್ಯಾಂಡನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಅದೇ ಕಂಪನಿಯ 'ಅಯಾನಿಕ್' ವಾಚ್‌ನ ಬ್ಯಾಟರಿ ಬಿಸಿಯಾಗಿ ಸುಟ್ಟ ಗಾಯಗಳಾದ ದೂರುಗಳು ಬಂದಾಗ 2022ರಲ್ಲಿ ಅದನ್ನೂ ಹಿಂದಕ್ಕೆ ಪಡೆಯಲಾಯಿತು.

ಪಟ್ಟಿ ಯಾವುದರಿಂದ ಮಾಡಿದ್ದು ಎಂಬುದೂ ಮುಖ್ಯ. 2023ರಲ್ಲಿ ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದವರು ಬಳಕೆಯಲ್ಲಿದ್ದ 20 ಪಟ್ಟಿಗಳನ್ನು ಪರೀಕ್ಷಿಸಿದಾಗ ಬಹುತೇಕ ಎಲ್ಲದರಲ್ಲೂ ಬ್ಯಾಕ್ಟೀರಿಯಾ ಸಿಕ್ಕವು. ರಬ್ಬರ್ ಮತ್ತು ಪ್ಲಾಸ್ಟಿಕ್ ಪಟ್ಟಿಗಳಲ್ಲಿ ಅವು ಹೆಚ್ಚಿದ್ದವು, ಲೋಹದವುಗಳಲ್ಲಿ ತೀರಾ ಕಡಿಮೆ. 2024ರಲ್ಲಿ ಅಮೆರಿಕದ ನೋಟ್ರ್ ಡೇಮ್ ವಿಶ್ವವಿದ್ಯಾಲಯದ ಸಂಶೋಧಕರು 22 ಪಟ್ಟಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 15ರಲ್ಲಿ ಫ್ಲೋರಿನ್ ಅಂಶ ಹೆಚ್ಚಿತ್ತು. 'ಪಿಎಫ್‌ಎಎಸ್' ಎಂದು ಕರೆಯುವ, ಪರಿಸರದಲ್ಲಿ ಸುಲಭವಾಗಿ ಕೊಳೆಯದ ರಾಸಾಯನಿಕಗಳ ಗುಂಪಿಗೆ ಸೇರಿದ ಒಂದು ಆಮ್ಲವೂ ಹಲವು ಪಟ್ಟಿಗಳಲ್ಲಿ ಪತ್ತೆಯಾಯಿತು. ಪಟ್ಟಿ ಧರಿಸಿದವರಿಗೆ ಕಾಯಿಲೆ ಬಂತು ಎಂದು ಈ ಅಧ್ಯಯನ ಹೇಳಿಲ್ಲ. ಆದರೂ ಇಡೀ ದಿನ ಧರಿಸುವವರು 'ಫ್ಲೋರೋಎಲಾಸ್ಟೊಮರ್' ಬದಲು ಸಿಲಿಕೋನ್ ಪಟ್ಟಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಪದೇ ಪದೇ ನೋಡಿಕೊಂಡರೆ ಏನಾಗುತ್ತದೆ?

ಹೃದಯದ ಬಡಿತ ದಿನವಿಡೀ ಒಂದೇ ಸಮನೆ ಇರುವುದಿಲ್ಲ. ಮೆಟ್ಟಿಲು ಹತ್ತಿದರೆ, ಕಾಫಿ ಕುಡಿದರೆ, ಜಗಳವಾಡಿದರೆ ಏರುತ್ತದೆ. ಹೆದರಿದರೂ ಏರುತ್ತದೆ. ತೊಂದರೆ ಶುರುವಾಗುವುದು ಇಲ್ಲಿಯೇ. ಅಂಕಿ ನೋಡಿ ಹೆದರಿಕೆ, ಹೆದರಿಕೆಯಿಂದ ಬಡಿತ ಏರಿಕೆ, ಏರಿದ ಬಡಿತ ನೋಡಿ ಮತ್ತಷ್ಟು ಹೆದರಿಕೆ.

ಅಮೆರಿಕದ ವೈದ್ಯರು 2020ರಲ್ಲಿ ವರದಿ ಮಾಡಿದ ಒಂದು ಪ್ರಕರಣದಲ್ಲಿ 70 ವರ್ಷದ ಮಹಿಳೆಯೊಬ್ಬರು ಒಂದೇ ವರ್ಷದಲ್ಲಿ ತಮ್ಮ ವಾಚ್‌ನಿಂದ 916 ಬಾರಿ ಇಸಿಜಿ ತೆಗೆದುಕೊಂಡಿದ್ದರು. ಅವರಿಗೆ 'ಏಟ್ರಿಯಲ್ ಫಿಬ್ರಿಲೇಷನ್' ಎಂಬ, ಹೃದಯ ತಾಳ ತಪ್ಪಿ ಬಡಿಯುವ ಸಮಸ್ಯೆ ಇತ್ತು. ಆದರೆ ಅವರನ್ನು ಮತ್ತೆ ಮತ್ತೆ ಆಸ್ಪತ್ರೆಗೆ ಅಲೆಸಿದ್ದು ವಾಚ್ ಹುಟ್ಟಿಸಿದ ಆತಂಕ. ಇದೇ ಸಮಸ್ಯೆ ಇರುವ 172 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾಚ್ ಧರಿಸುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಎಚ್ಚರಿಕೆ ಬಂದಾಗಲೆಲ್ಲ ತೀವ್ರ ಭಯವಾಗುತ್ತಿತ್ತು.

ನಿದ್ದೆಯ ವಿಷಯದಲ್ಲೂ ಹೀಗೆಯೇ. ನಿದ್ದೆಯ ಹಂತಗಳನ್ನು ಸರಿಯಾಗಿ ಅಳೆಯಲು ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆಗಳನ್ನು ದಾಖಲಿಸಬೇಕು. ವಾಚ್ ಅದನ್ನು ಮಾಡುವುದಿಲ್ಲ. ಆದರೂ ಬೆಳಿಗ್ಗೆ ಎದ್ದು ಹಗುರವಾಗಿದ್ದವರೂ ನಿದ್ದೆಯ ಅಂಕ ಕಡಿಮೆ ಬಂದಿದ್ದನ್ನು ಕಂಡು ಮಂಕಾಗುತ್ತಾರೆ. ಒಳ್ಳೆಯ ಅಂಕಕ್ಕಾಗಿ ಹಾಸಿಗೆಯಲ್ಲಿ ಹೆಚ್ಚು ಹೊತ್ತು ಹೊರಳಾಡಿ, ಇದ್ದ ನಿದ್ದೆಯನ್ನೂ ಕೆಡಿಸಿಕೊಳ್ಳುವವರನ್ನು ಗಮನಿಸಿದ ಸಂಶೋಧಕರು 2017ರಲ್ಲಿ ಇದಕ್ಕೆ 'ಆರ್ಥೋಸೋಮ್ನಿಯಾ' ಎಂದು ಹೆಸರಿಟ್ಟರು.

ಎಲ್ಲಕ್ಕಿಂತ ದೊಡ್ಡ ಅಪಾಯ: ಸುಳ್ಳು ಧೈರ್ಯ

ಎದೆ ಹಿಡಿದಂತಾಗಿ ಬೆವರು ಬಂದಾಗ ನಮ್ಮಲ್ಲಿ ಅನೇಕರು ಮೊದಲು ಹೇಳುವುದು "ಗ್ಯಾಸ್ಟ್ರಿಕ್ ಇರಬೇಕು" ಎಂದು. ಸೋಡಾ ಕುಡಿದೋ ಜೀರಿಗೆ ನೀರು ಕುಡಿದೋ ಕಾಯುತ್ತಾರೆ. ಈಗ ಅದರ ಜೊತೆಗೆ ವಾಚ್‌ನಲ್ಲಿ ಬಡಿತ 78 ಎಂದು ಕಂಡರೆ, "ನೋಡಿ, ನಾರ್ಮಲ್ ಇದೆ" ಎಂಬ ಧೈರ್ಯವೂ ಸಿಗುತ್ತದೆ. ಆ ಧೈರ್ಯಕ್ಕೆ ಆಧಾರವಿಲ್ಲ.

ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ನಾಳ ಕಟ್ಟಿಕೊಂಡ ಹೊತ್ತಿನಲ್ಲೂ ಬಡಿತದ ಸಂಖ್ಯೆ ಸಾಮಾನ್ಯವಾಗಿಯೇ ಇರಬಹುದು. ಆಸ್ಪತ್ರೆಯ ಇಸಿಜಿ ಹೃದಯವನ್ನು 12 ಕೋನಗಳಿಂದ ನೋಡುತ್ತದೆ. ವಾಚ್‌ನ ಇಸಿಜಿ ನೋಡುವುದು ಒಂದೇ ಕೋನದಿಂದ. ಬಡಿತದ ತಾಳ ತಪ್ಪಿದೆಯೇ ಎಂದು ಅದು ಸೂಚಿಸಬಹುದು, ನಾಳ ಕಟ್ಟಿದೆಯೇ ಎಂದು ಹೇಳಲಾರದು. ತನ್ನ ವಾಚ್ ಹೃದಯಾಘಾತವನ್ನು ಪತ್ತೆ ಮಾಡಲಾರದು ಎಂದು ಆ್ಯಪಲ್ ಕಂಪನಿಯೇ ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸುತ್ತದೆ.

ಎದೆಯಲ್ಲಿ ಬಿಗಿತ ಅಥವಾ ಭಾರ, ಎಡತೋಳು, ದವಡೆ, ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ಕಷ್ಟ ಕಾಣಿಸಿದರೆ ವಾಚ್ ಏನೇ ಹೇಳಲಿ, ತಕ್ಷಣ 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಮಹಿಳೆಯರಲ್ಲಿ ಕೆಲವೊಮ್ಮೆ ಎದೆನೋವೇ ಇಲ್ಲದೆ ಸುಸ್ತು, ವಾಕರಿಕೆಯಷ್ಟೇ ಇರಬಹುದು. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನೂ ಕೊಡುತ್ತಾರೆ. ಬೇಗ ತಲುಪಿದಷ್ಟೂ ಅದರ ಲಾಭ ಹೆಚ್ಚು.

ಶುಗರ್, ಬಿಪಿ, ಆಮ್ಲಜನಕದ ಅಂಕಿಗಳನ್ನು ನಂಬಬಹುದೇ?

ಶುಗರ್: ನಂಬಬೇಡಿ. ಚರ್ಮವನ್ನು ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚ್ ಮತ್ತು ಉಂಗುರಗಳನ್ನು ಬಳಸಬಾರದು, ಅಂಥ ಯಾವ ಸಾಧನಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ತಪ್ಪು ಅಂಕಿ ನೋಡಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಜ್ಞೆ ತಪ್ಪಬಹುದು, ಸಾವೂ ಸಂಭವಿಸಬಹುದು. ತೋಳಿಗೆ ಅಂಟಿಸುವ ಸಿಜಿಎಂ ಸಾಧನಗಳು ಬೇರೆ. ಅವುಗಳ ಸಣ್ಣ ಎಳೆ ಚರ್ಮದೊಳಗೆ ಹೋಗಿರುತ್ತದೆ.

ಬಿಪಿ: ಬಿಪಿ ತೋರಿಸುವ ಸ್ಯಾಮ್‌ಸಂಗ್ ವಾಚ್‌ಗಳನ್ನು ಸಹ ತೋಳಿಗೆ ಪಟ್ಟಿ ಕಟ್ಟುವ ಯಂತ್ರದ ಅಂಕಿಯೊಂದಿಗೆ ನಾಲ್ಕು ವಾರಕ್ಕೊಮ್ಮೆ ಹೊಂದಿಸಿಕೊಳ್ಳಬೇಕು. ವಾಚ್ ನೋಡಿ ಬಿಪಿ ಮಾತ್ರೆ ಬಿಡುವುದಾಗಲಿ, ಹೆಚ್ಚಿಸುವುದಾಗಲಿ ಮಾಡಬೇಡಿ.

ಆಮ್ಲಜನಕ: ಕೊರೊನಾ ಕಾಲದಲ್ಲಿ ಇದರ ಅಳತೆ ಮನೆಮಾತಾಯಿತು. ಆದರೆ ಆಸ್ಪತ್ರೆಗಳಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಬಾರಿ ಗುರುತಿಸದೆ ಬಿಟ್ಟಿತ್ತು ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಸಡಿಲವಾಗಿ ಕಟ್ಟಿದ ವಾಚ್ ಇನ್ನೂ ಸುಲಭವಾಗಿ ತಪ್ಪಬಹುದು.

ಹೆಜ್ಜೆ ಎಣಿಸಿದರೆ ತೂಕ ಇಳಿಯುತ್ತದೆಯೇ?

10,000 ಹೆಜ್ಜೆ ಎಂಬ ಗುರಿ ವೈದ್ಯಕೀಯ ಸಂಶೋಧನೆಯಿಂದ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆಯ ಮೀಟರ್'. ಸರಾಸರಿ 72 ವರ್ಷದ 16,741 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಕಡಿಮೆಯಿತ್ತು. ಸುಮಾರು 7,500 ಹೆಜ್ಜೆಯ ನಂತರ ಹೆಚ್ಚುವರಿ ಲಾಭ ಕಾಣಲಿಲ್ಲ. ಮಂಡಿನೋವು ಇರುವ ಹಿರಿಯರು ಗುರಿ ಮುಟ್ಟಲೇಬೇಕೆಂದು ನೋವು ನುಂಗಿ ನಡೆಯಬೇಕಿಲ್ಲ.

ಕ್ಯಾಲೊರಿ ಲೆಕ್ಕವಂತೂ ತೀರಾ ಅಂದಾಜು. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 7 ಸಾಧನಗಳನ್ನು ಪರೀಕ್ಷಿಸಿದರು. ಹೃದಯ ಬಡಿತದಲ್ಲಿ ಹೆಚ್ಚಿನವು ಚೆನ್ನಾಗಿಯೇ ಇದ್ದವು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮ ಸಾಧನವೂ ಸರಾಸರಿ ಶೇ 27ರಷ್ಟು ತಪ್ಪಿತ್ತು. "500 ಕ್ಯಾಲೊರಿ ಕರಗಿತು" ಎಂದು ವಾಚ್ ಹೇಳಿತೆಂದು ಒಂದು ಮಸಾಲೆ ದೋಸೆ ಹೆಚ್ಚಿಗೆ ತಿಂದರೆ ಲೆಕ್ಕ ತಪ್ಪುತ್ತದೆ. ತೂಕ ಹೆಚ್ಚಿದ್ದ 471 ಯುವಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಧನ ಧರಿಸಿದವರು ಸರಾಸರಿ 3.5 ಕೆ.ಜಿ. ಇಳಿಸಿದರೆ, ಧರಿಸದವರು 5.9 ಕೆ.ಜಿ. ಇಳಿಸಿದ್ದರು.

ನಿಮ್ಮ ಮಾಹಿತಿ ಎಲ್ಲಿಗೆ ಹೋಗುತ್ತದೆ?

ಎಷ್ಟು ಗಂಟೆಗೆ ಮಲಗುತ್ತೀರಿ, ಯಾವ ದಾರಿಯಲ್ಲಿ ವಾಕಿಂಗ್ ಹೋಗುತ್ತೀರಿ, ಮುಟ್ಟಿನ ದಿನ ಯಾವುದು ಎಂಬುದೆಲ್ಲ ಕಂಪನಿಯ ಸರ್ವರ್ ಸೇರಬಹುದು. ಸ್ಟ್ರಾವಾ ಎಂಬ ಆ್ಯಪ್ ತನ್ನ ಬಳಕೆದಾರರು ಓಡಾಡಿದ ದಾರಿಗಳ ಭೂಪಟವನ್ನು 2017ರಲ್ಲಿ ಪ್ರಕಟಿಸಿದಾಗ, ಸೈನಿಕರ ಓಟದ ಗುರುತುಗಳಿಂದ ಅಫ್ಗಾನಿಸ್ತಾನ, ಸಿರಿಯಾದ ಸೇನಾ ನೆಲೆಗಳ ವಿವರವೇ ಬಯಲಾಗಿತ್ತು. ನಿಮ್ಮ ಆ್ಯಪ್‌ನಲ್ಲೂ ಲೊಕೇಶನ್ ಮತ್ತು ಹಂಚಿಕೆಯ ಸೆಟ್ಟಿಂಗ್‌ಗಳನ್ನು ಒಮ್ಮೆ ನೋಡಿ, ಬೇಡದ್ದನ್ನು ಆಫ್ ಮಾಡಿ.

ಹಾಗಾದರೆ ಪ್ರಯೋಜನವೇ ಇಲ್ಲವೇ?

ಇದೆ. ಆ್ಯಪಲ್ ವಾಚ್ ಧರಿಸಿದ 4,19,297 ಜನರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 0.52 ಮಂದಿಗೆ ಮಾತ್ರ ತಾಳ ತಪ್ಪಿದ ಬಡಿತದ ಎಚ್ಚರಿಕೆ ಬಂತು. ಎಚ್ಚರಿಕೆ ಬಂದವರಲ್ಲಿ ಎದೆಗೆ ಇಸಿಜಿ ಪ್ಯಾಚ್ ಅಂಟಿಸಿ ಪರೀಕ್ಷೆ ಪೂರ್ತಿ ಮಾಡಿದವರ ಪೈಕಿ ಶೇ 34 ಮಂದಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ದೃಢಪಟ್ಟಿತು. ಈ ಸಮಸ್ಯೆ ಬಂದು ಹೋಗುವಂಥದ್ದಾದ್ದರಿಂದ ಉಳಿದವೆಲ್ಲ ಸುಳ್ಳು ಎಚ್ಚರಿಕೆಗಳೆಂದೂ ಹೇಳಲಾಗದು. ಪಾರ್ಶ್ವವಾಯುವಿಗೆ ಕಾರಣವಾಗಬಲ್ಲ ಸಮಸ್ಯೆ ಕೆಲವರಲ್ಲಿ ಹೀಗೆ ಬೇಗ ಗೊತ್ತಾಗಬಹುದು. ಎಚ್ಚರಿಕೆ ಬಂದರೆ ಅದನ್ನು ಕಡೆಗಣಿಸದೆ, ಕಂಗಾಲಾಗದೆ ವೈದ್ಯರಿಗೆ ತೋರಿಸಿ.

ಧರಿಸುವವರು ಏನು ಮಾಡಬೇಕು?

• ದಿನಕ್ಕೆ ಕೆಲವು ಗಂಟೆ ಬಿಚ್ಚಿಡಿ. ಕೈ ಮತ್ತು ಪಟ್ಟಿ ಎರಡನ್ನೂ ತೊಳೆದು, ಒರೆಸಿ, ಒಣಗಿದ ಮೇಲೆ ಕಟ್ಟಿಕೊಳ್ಳಿ. ದದ್ದು ಬಂದರೆ ಪೂರ್ತಿ ಗುಣವಾಗುವವರೆಗೆ ಧರಿಸಬೇಡಿ.
• ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಕೆಲವು ವಾರಗಳಲ್ಲಿ ಏನು ಬದಲಾಗಿದೆ ಎಂದು ನೋಡಿ.
• ಅಂಕಿ ನೋಡಿ ಆತಂಕ ಹೆಚ್ಚುತ್ತಿದ್ದರೆ ಎಚ್ಚರಿಕೆಗಳನ್ನು ಆಫ್ ಮಾಡುವ ಬಗ್ಗೆ ವೈದ್ಯರನ್ನು ಕೇಳಿ. ನಿದ್ದೆ ಕೆಡುತ್ತಿದ್ದರೆ ರಾತ್ರಿ ಬಿಚ್ಚಿಟ್ಟು ಮಲಗಿ.
• ಪೇಸ್‌ಮೇಕರ್‌ನಂಥ ಸಾಧನ ಅಳವಡಿಸಿಕೊಂಡವರು ವೈದ್ಯರನ್ನು ಕೇಳಿಯೇ ಧರಿಸಿ. ಆಯಸ್ಕಾಂತ ಇರುವ ಫೋನ್, ವಾಚ್‌ಗಳನ್ನು ಅದರಿಂದ ಕನಿಷ್ಠ 15 ಸೆಂ.ಮೀ. ದೂರವಿಡುವಂತೆ ಎಫ್‌ಡಿಎ ಸಲಹೆ ನೀಡಿದೆ. ದೇಹದ ಕೊಬ್ಬು ಅಳೆಯಲು ಸಣ್ಣ ವಿದ್ಯುತ್ ಹರಿಸುವ ವಾಚ್‌ಗಳು ಇವರಿಗೆ ಸೂಕ್ತವಲ್ಲ.
• ವಾಚ್ ನೋಡಿ ಔಷಧ ಬದಲಿಸಬೇಡಿ.

ನಮ್ಮ ತೀರ್ಮಾನ

"ಸ್ಮಾರ್ಟ್ ವಾಚ್‌ನಿಂದ ಕ್ಯಾನ್ಸರ್ ಬರುತ್ತದೆ" ಎಂಬುದು ಆಧಾರರಹಿತ. "ಸ್ಮಾರ್ಟ್ ವಾಚ್ ಇದ್ದರೆ ಹೃದಯಾಘಾತ ಮೊದಲೇ ಗೊತ್ತಾಗುತ್ತದೆ, ಶುಗರ್ ಚುಚ್ಚದೆ ತಿಳಿಯುತ್ತದೆ" ಎಂಬುದು ಸುಳ್ಳು. ಮೊದಲನೆಯದನ್ನು ನಂಬಿದವರು ವಾಚ್ ಬಿಚ್ಚಿಡುತ್ತಾರೆ, ಅದರಿಂದ ಹೆಚ್ಚು ನಷ್ಟವಿಲ್ಲ. ಎರಡನೆಯದನ್ನು ನಂಬಿದವರು ಆಸ್ಪತ್ರೆಗೆ ಹೋಗಬೇಕಾದ ಹೊತ್ತಿನಲ್ಲಿ ಮನೆಯಲ್ಲೇ ಉಳಿಯಬಹುದು. ಅಂಥ ಸಂದೇಶ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಒಂದು ಮಾತು ತಿಳಿಸಿ: ಎದೆನೋವು ಬಂದಾಗ ನೋಡಬೇಕಾದ್ದು ವಾಚನ್ನಲ್ಲ, ವೈದ್ಯರನ್ನು.